ಕಾರವಾರಕ್ಕೆ ಹೋಗುವ ಮುನ್ನ ಕಡಲಿನ ಗಡಿಯಾರ ನೋಡಿಕೊಳ್ಳಿ

ಮೊದಲ ಸಲ ಕಾರವಾರಕ್ಕೆ ಹೋದಾಗ ನಾವು ದೋಣಿ ಹತ್ತಿದ್ದು ಮಟಮಟ ಮಧ್ಯಾಹ್ನ. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಬಸ್ಸು ಹಿಡಿದು, ಇಳಿದ ಕೂಡಲೇ ಊಟ ಮುಗಿಸಿ, ಸೀದಾ ದಂಡೆಗೆ ಹೋಗಿ "ಡಾಲ್ಫಿನ್ ತೋರಿಸ್ತೀರಾ" ಎಂದು ಕೇಳಿದೆವು. ದೋಣಿಯವನು ಒಮ್ಮೆ ಸಮುದ್ರ ನೋಡಿದ, ಒಮ್ಮೆ ನಮ್ಮನ್ನು ನೋಡಿದ, ದುಡ್ಡು ಎಣಿಸಿಕೊಂಡ. ಮುಂದಿನ ಒಂದೂವರೆ ತಾಸು ಗಾಳಿ, ಉಪ್ಪುನೀರಿನ ಎರಚಲು, ಹೊಟ್ಟೆ ತೊಳಸು. ಡಾಲ್ಫಿನ್ನಿನ ಬಾಲವೂ ಕಾಣಲಿಲ್ಲ. ವಾಪಸು ಬಂದಾಗ ದಂಡೆಯಲ್ಲಿ ಬಲೆ ರಿಪೇರಿ ಮಾಡುತ್ತ ಕೂತಿದ್ದ ಅಜ್ಜನೊಬ್ಬ ತಲೆ ಎತ್ತದೆಯೇ ಕೇಳಿದ: "ಈ ಹೊತ್ತಿಗೆ ಯಾರು ಹೋಗ್ತಾರೆ ಮಾರಾಯ್ರೇ?"

ಆಮೇಲೆ ಏಳೆಂಟು ಸಲ ಹೋಗಿದ್ದೇನೆ. ಅಜ್ಜನ ಪ್ರಶ್ನೆಯಲ್ಲೇ ಈ ಊರಿನ ಗುಟ್ಟಿದೆ. ಕಾರವಾರ ಜಿಲ್ಲಾ ಕೇಂದ್ರವಾದರೂ ಅದಕ್ಕೆ ಅವಸರವಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಪೇಟೆ ಬಾಗಿಲು ಹಾಕಿ ಮಲಗುತ್ತದೆ. ಇಲ್ಲಿ ಎಲ್ಲವೂ ನಡೆಯುವುದು ಎರಡರ ಮೇಲೆ: ಗಾಳಿ ಮತ್ತು ಉಬ್ಬರವಿಳಿತ. ಅವೆರಡನ್ನು ನೋಡಿ ದಿನ ಹೊಂದಿಸಿಕೊಂಡರೆ ಎರಡು ದಿನದಲ್ಲಿ ಕಾಣುವಷ್ಟು ಕಾಣುತ್ತದೆ. 'ನೋಡಬೇಕಾದ ಹತ್ತು ಸ್ಥಳ' ಎಂಬ ಪಟ್ಟಿ ಹಿಡಿದು ಹೊರಟರೆ ನಮ್ಮ ಗತಿಯೇ.

ಯಾವಾಗ

ಅಕ್ಟೋಬರ್ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಸೆಖೆ ತಡೆಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುತ್ತದೆ. ಕಡಲೂ ಆಗ ಕೆರಳಿರುತ್ತದೆ, ಪ್ರವಾಸಿ ದೋಣಿಗಳು ದಡ ಹತ್ತಿರುತ್ತವೆ, ಹೋಟೆಲಿನಲ್ಲಿ ಸಿಗುವ ಮೀನು ಎಲ್ಲಿಂದಲೋ ಐಸಿನಲ್ಲಿ ಬಂದದ್ದು. ಕರಾವಳಿಯ ಮಳೆ ನೋಡಲೆಂದೇ ಹೋಗುವವರ ಮಾತು ಬೇರೆ. ಆದರೆ ಅವರಿಗೂ ಒಂದು ಎಚ್ಚರಿಕೆ: 2024ರ ಜುಲೈನಲ್ಲಿ ಗುಡ್ಡ ಕುಸಿದ ಶಿರೂರು ಇರುವುದು ಕಾರವಾರಕ್ಕೆ ಬರುವ 66ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ, ಪಕ್ಕದ ಅಂಕೋಲಾ ತಾಲ್ಲೂಕಿನಲ್ಲಿ. ಜೋರು ಮಳೆಯ ದಿನಗಳಲ್ಲಿ ಹೊರಡುವ ಮುಂಚೆ ರಸ್ತೆಯ ಸುದ್ದಿ ಕೇಳಿಕೊಳ್ಳಿ.

ಏನು ನೋಡುವ ಆಸೆಯಿದೆ ಎನ್ನುವುದರ ಮೇಲೆ ತಿಂಗಳು ಆರಿಸಿ. ಡಾಲ್ಫಿನ್ ವರ್ಷವಿಡೀ ಇಲ್ಲೇ ಇರುತ್ತವೆ, ಆದರೆ ನಮ್ಮ ಕಣ್ಣಿಗೆ ಬೀಳಲು ಸಮುದ್ರ ಕನ್ನಡಿಯಂತಿರಬೇಕು; ಅದಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ. ಕಡಲಾಮೆಗೆ ಜನವರಿಯಿಂದ ಮಾರ್ಚ್. ವಲಸೆ ಬಂದ ಕಡಲಕ್ಕಿಗಳು ಚಳಿಗಾಲ ಪೂರ್ತಿ ಇರುತ್ತವೆ. ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ, ಕೆಲವು ವರ್ಷ ಮಾತ್ರ, ರಾತ್ರಿ ಅಲೆ ಒಡೆಯುವಾಗ ನೀಲಿ ಬೆಳಕು ಮಿನುಗುತ್ತದೆ. ನಾಕ್ಟಿಲೂಕಾ ಎಂಬ ಸೂಕ್ಷ್ಮ ಜೀವಿ ಕೋಟಿಗಟ್ಟಲೆ ಹೆಚ್ಚಿ, ನೀರು ಅಲುಗಿದಾಗ ಬೆಳಕು ಚೆಲ್ಲುವುದು ಅದು. ಅದನ್ನೇ ನಂಬಿ ಟಿಕೆಟ್ ತೆಗೆಸಬೇಡಿ.

ತಿಂಗಳು ಆರಿಸಿದ ಮೇಲೆ ತಿಥಿ ನೋಡಿ. ತಮಾಷೆಯಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಎಲ್ಲಿ ಬಂದಿವೆ ನೋಡಿಕೊಳ್ಳಿ. ಅವುಗಳ ಹಿಂದುಮುಂದಿನ ಎರಡು ಮೂರು ದಿನ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಬಂಡೆಗಳ ನಡುವಿನ ಜೀವಲೋಕ ಪೂರ್ತಿ ತೆರೆದುಕೊಳ್ಳುವುದು ಆಗಲೇ. ಅಷ್ಟಮಿಯ ಆಸುಪಾಸು ಏರಿಳಿತ ಕಡಿಮೆ. ಇಲ್ಲಿನ ಮೀನುಗಾರರು ಕೊಂಕಣಿಯಲ್ಲಿ ಉಬ್ಬರಕ್ಕೆ 'ಭರ್ತಿ' ಎನ್ನುತ್ತಾರೆ, ಇಳಿತಕ್ಕೆ 'ಸುಕ್ತಿ'. ಈ ಎರಡು ಪದ ಕಲಿತು ಹೋದರೆ ಸಾಕು, ದಂಡೆಯಲ್ಲಿ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. ಕಾರವಾರ ಬಂದರಿನ ಉಬ್ಬರವಿಳಿತದ ವೇಳೆ ಮೊಬೈಲಿನಲ್ಲೇ ಸಿಗುತ್ತದೆ. ದಿನಕ್ಕೆ ಎರಡು ಭರ್ತಿ, ಎರಡು ಸುಕ್ತಿ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಎರಡು ಸುಕ್ತಿಗಳೂ ಒಂದೇ ಸಮ ಇಳಿಯುವುದಿಲ್ಲ. ಹೆಚ್ಚು ಇಳಿಯುವುದು ಯಾವುದೋ, ಅದು ಹಗಲಿನಲ್ಲಿ ಬೀಳುವ ದಿನ ಆರಿಸಿ.

ತಲುಪುವುದು, ತಂಗುವುದು

ಬೆಂಗಳೂರಿನವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಸುಲಭ. ಸಂಜೆ ಹತ್ತಿದರೆ ಬೆಳಿಗ್ಗೆ ಕಾರವಾರ. ನಿಲ್ದಾಣ ಇರುವುದು ಊರ ಹೊರಗೆ ಶಿರವಾಡದಲ್ಲಿ, ಪೇಟೆಗೆ ಆಟೋ ಬೇಕು. ಹುಬ್ಬಳ್ಳಿ ಕಡೆಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಬರುವ ಬಸ್ಸು. ಘಟ್ಟದಲ್ಲಿ ವಾಂತಿಯಾಗುವವರು ಮುಂದಿನ ಸೀಟು ಹಿಡಿಯಿರಿ, ಹೊಟ್ಟೆ ಬಿರಿಯೆ ತಿಂದು ಹತ್ತಬೇಡಿ.

ತಂಗಲು ಎರಡು ದಾರಿ. ಪೇಟೆಯಲ್ಲೇ ಲಾಡ್ಜ್ ಹಿಡಿದರೆ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ನಡೆದು ಹೋಗಬಹುದು, ಮೀನು ಮಾರುಕಟ್ಟೆ ಹತ್ತಿರ, ಖರ್ಚೂ ಹಗುರ. ಇಲ್ಲವೇ ಕಾಳಿ ನದಿಯ ಆಚೆ ದಂಡೆಯ ದೇವಬಾಗ, ಮಾಜಾಳಿ ಕಡೆಯ ರೆಸಾರ್ಟು, ಹೋಮ್‌ಸ್ಟೇಗಳು. ದೇವಬಾಗದಲ್ಲಿ ಗಾಳಿಮರದ ತೋಪಿನ ನಡುವೆ ಸರ್ಕಾರದ ಜಂಗಲ್ ಲಾಡ್ಜಸ್‌ನ ರೆಸಾರ್ಟೂ ಇದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಪೇಟೆ ವಾಸಿ. ಇಬ್ಬರೇ ಇದ್ದು, ರಾತ್ರಿ ಅಲೆಯ ಸದ್ದು ಬಿಟ್ಟು ಬೇರೇನೂ ಬೇಡ ಎನ್ನುವವರಿಗೆ ಆಚೆ ದಂಡೆ. ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ಟ್ಯಾಗೋರ್ ತೀರದ ಮಯೂರವರ್ಮ ವೇದಿಕೆಯಲ್ಲಿ ಕರಾವಳಿ ಉತ್ಸವ ನಡೆಯುತ್ತದೆ. ಆ ದಿನಗಳಲ್ಲಿ ರೂಮೂ ಇಲ್ಲ, ನಿಶ್ಶಬ್ದವೂ ಇಲ್ಲ.

ಮೊದಲ ಸಂಜೆ: ಮಂಡಿಯೂರಿ ಕೂರಿ

ಬಂದ ದಿನ ಏನೂ ಹಮ್ಮಿಕೊಳ್ಳಬೇಡಿ. ಬಿಸಿಲು ಇಳಿದ ಮೇಲೆ ಟ್ಯಾಗೋರ್ ತೀರಕ್ಕೆ ಹೋಗಿ. ಹೆಸರು ಸುಮ್ಮನೆ ಬಂದದ್ದಲ್ಲ. ರವೀಂದ್ರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಹರೆಯದ ತಮ್ಮ ಬಂದು ಅವರೊಂದಿಗೆ ಕೆಲಕಾಲ ಇದ್ದ, ಇಲ್ಲಿದ್ದಾಗಲೇ ಒಂದು ನಾಟಕವನ್ನೂ ಬರೆದ.

ನೀರು ಇಳಿದಿದ್ದರೆ ಒದ್ದೆ ಮರಳಿನ ಮೇಲೆ ರಂಗೋಲಿ ಕಾಣುತ್ತದೆ. ಒಂದು ಚಿಕ್ಕ ತೂತು, ಅದರ ಸುತ್ತ ಸಾಸಿವೆಯಿಂದ ಕಡಲೆಕಾಳಿನವರೆಗಿನ ಗಾತ್ರದ ಮರಳುಂಡೆಗಳು ಸಾಲುಸಾಲಾಗಿ. ಜನ ಅದನ್ನು ತುಳಿದುಕೊಂಡೇ ಸೂರ್ಯಾಸ್ತದ ಸೆಲ್ಫಿಗೆ ಓಡುತ್ತಾರೆ. ನೀವು ಅಲ್ಲೇ ಮಂಡಿಯೂರಿ ಕೂರಿ, ಅಲುಗಾಡಬೇಡಿ. ಎರಡು ಮೂರು ನಿಮಿಷ. ಬೆರಳಿನ ಉಗುರಿನಷ್ಟೇ ದೊಡ್ಡ ಏಡಿಯೊಂದು ತೂತಿನಿಂದ ಇಣುಕಿ, ನಿಮ್ಮ ನೆರಳು ಅಳೆದು, ಹೊರಗೆ ಬರುತ್ತದೆ. ಎರಡೂ ಕೊಂಡಿಗಳಿಂದ ಮರಳನ್ನು ಗಬಗಬ ಬಾಯಿಗೆ ತುಂಬುತ್ತದೆ, ಕಾಳಿಗೆ ಅಂಟಿದ ಆಹಾರದ ಕಣ ಹೀರಿಕೊಂಡು ಉಳಿದ ಮರಳನ್ನು ಉಂಡೆ ಕಟ್ಟಿ ಕಾಲ ಸಂದಿಯಿಂದ ಹಿಂದಕ್ಕೆ ಎಸೆಯುತ್ತದೆ. ಒಂದು ಸಾಲು ಮುಗಿದರೆ ತೂತಿಗೆ ಓಡಿ, ಪಕ್ಕದಲ್ಲಿ ಇನ್ನೊಂದು ಸಾಲು. ಭರ್ತಿ ಬಂದಾಗ ಎಲ್ಲ ಅಳಿಸಿಹೋಗುತ್ತದೆ, ಸುಕ್ತಿಗೆ ಮತ್ತೆ ಶುರು. ನನ್ನ ಅಕ್ಕನ ಮಗಳು, ಆರು ವರ್ಷದವಳು, ಇದನ್ನು ನೋಡುತ್ತ ಮುಕ್ಕಾಲು ತಾಸು ಕೂತಿದ್ದಳು. ಐಸ್‌ಕ್ರೀಮ್ ಕೂಡ ಕೇಳಲಿಲ್ಲ.

ತಲೆ ಎತ್ತಿದರೆ ಆಕಾಶದಲ್ಲಿ ಗರುಡ. ಅದೃಷ್ಟವಿದ್ದರೆ ಅದಕ್ಕಿಂತ ಬಹಳ ದೊಡ್ಡದಾದ, ಬೂದು ರೆಕ್ಕೆಯ ಬಿಳಿಹೊಟ್ಟೆ ಕಡಲ ಹದ್ದು. ಎದುರಿಗೆ ಕಡಲಲ್ಲಿ ಕಾಣುವ ದ್ವೀಪಗಳಲ್ಲಿ ಒಂದರ ಮೇಲೆ 19ನೇ ಶತಮಾನದ ದೀಪಸ್ತಂಭವಿದೆ. ಕತ್ತಲಾದ ಮೇಲೆ ಅದರ ಬೆಳಕಿನ ಲಯ ಎಣಿಸುತ್ತ ಕೂತರೆ ನಾಳೆಗೆ ಬೇಗ ಏಳುವ ಮನಸ್ಸು ತಾನೇ ಬರುತ್ತದೆ.

ಡಾಲ್ಫಿನ್: ಬೆಳಿಗ್ಗೆ ಏಳಕ್ಕೆ ದೋಣಿಯಲ್ಲಿರಬೇಕು

ಯಾಕೆ ಬೆಳಿಗ್ಗೆ? ರಾತ್ರಿಯಿಡೀ ನೆಲ ತಣ್ಣಗಾಗಿ, ಗಾಳಿ ನೆಲದ ಕಡೆಯಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತಿರುತ್ತದೆ, ದಡದ ಹತ್ತಿರದ ನೀರು ಎಣ್ಣೆ ಸುರಿದಂತೆ ನಯ. ಹೊತ್ತೇರಿದಂತೆ ನೆಲ ಕಾದು ಗಾಳಿ ತಿರುಗುತ್ತದೆ. ಮಧ್ಯಾಹ್ನಕ್ಕೆ ಕಡಲ ಮೇಲೆಲ್ಲ ಬಿಳಿ ನೊರೆ. ಆ ನೊರೆಯ ನಡುವೆ ಒಂದು ಬೂದು ಬೆನ್ನು ಹುಡುಕುವುದೆಂದರೆ ಅಕ್ಕಿಯಲ್ಲಿ ಬಿಳಿಕಲ್ಲು ಹುಡುಕಿದ ಹಾಗೆ.

ಹಿಂದಿನ ಸಂಜೆಯೇ ದೋಣಿ ಮಾತಾಡಿಕೊಳ್ಳಿ. ಕೋಡಿಬಾಗ, ದೇವಬಾಗ, ಟ್ಯಾಗೋರ್ ತೀರದ ಕಡೆಗಳಲ್ಲಿ ದೋಣಿಯವರು ಸಿಗುತ್ತಾರೆ. ಮೂರು ವಿಷಯ ಮೊದಲೇ ಹೇಳಿಬಿಡಿ. ಒಂದು, ಎಲ್ಲರಿಗೂ ಲೈಫ್ ಜಾಕೆಟ್ ಬೇಕು, ಅದೂ ಬಕಲ್ ಸರಿ ಇರುವಂಥದ್ದು. ಎರಡು, ದೋಣಿಯಲ್ಲಿ ಹಿಡಿಯುವಷ್ಟೇ ಜನ. ಮೂರನೆಯದು ಮುಖ್ಯ: "ಅಣ್ಣಾ, ಡಾಲ್ಫಿನ್ ಕಂಡರೆ ಬೆನ್ನು ಹತ್ತೋದು ಬೇಡ, ಎಂಜಿನ್ ಬಂದ್ ಮಾಡಿ ಕಾಯೋಣ. ಕಾಣದಿದ್ದರೂ ಪೂರ್ತಿ ದುಡ್ಡು ಕೊಡ್ತೇವೆ." ಈ ಕೊನೆಯ ವಾಕ್ಯ ಕೇಳಿದ ಮೇಲೆ ದೋಣಿಯವರ ಮುಖವೇ ಸಡಿಲಾಗುತ್ತದೆ. ಅವರು ಡಾಲ್ಫಿನ್ನುಗಳ ಸುತ್ತ ಗಿರಕಿ ಹೊಡೆಯುವುದು ತಮ್ಮ ಖುಷಿಗಲ್ಲ. ಹತ್ತಿರದಿಂದ ತೋರಿಸದಿದ್ದರೆ ಪ್ರವಾಸಿಗರು ದುಡ್ಡಿಗೆ ಜಗಳ ತೆಗೆಯುತ್ತಾರೆ, ಅದಕ್ಕೆ. ಜಗಳ ತೆಗೆಯುವವರ ಪೈಕಿ ಒಂದು ಕಾಲಕ್ಕೆ ನಾನೂ ಇದ್ದೆ.

ಇಲ್ಲಿ ಕಾಣುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಟೀವಿಯಲ್ಲಿ ನೋಡಿದ ಹಾಗೆ ಆಕಾಶಕ್ಕೆ ಹಾರಿ ಪಲ್ಟಿ ಹೊಡೆಯುವ ಜಾತಿಯಲ್ಲ, ಅದನ್ನು ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ. ಎರಡೂವರೆ ಮೀಟರ್ ಉದ್ದದ, ಸಂಕೋಚದ ಪ್ರಾಣಿ. ನೀರಿನಿಂದ ಮೊದಲು ಉದ್ದ ಮೂತಿ, ಹಿಂದೆಯೇ ಬೆನ್ನಿನ ಗೂನು, ಅದರ ತುದಿಗೆ ಕೂರಿಸಿದಂಥ ಚಿಕ್ಕ ರೆಕ್ಕೆ, ಆಮೇಲೆ ಏನೂ ಇಲ್ಲ. ಎರಡು ಸೆಕೆಂಡಿನ ದರ್ಶನ. ಎಂಜಿನ್ ನಿಂತಿದ್ದರೆ ಮಾತ್ರ ಕೇಳುವ ಇನ್ನೊಂದು ಸಂಗತಿ ಇದೆ: ಉಸಿರು. ಕುಕ್ಕರಿನ ವಿಸಿಲ್ ಎತ್ತಿ ಆವಿ ಬಿಟ್ಟಾಗ ಬರುವ 'ಫುಸ್' ಅನ್ನುವ ಸದ್ದು, ಅದಕ್ಕಿಂತ ಮೆತ್ತಗೆ. ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಗೇ ಡಾಲ್ಫಿನ್ ಸಿಗುತ್ತದೆ.

ಇವು ಆಳಕ್ಕೆ ಹೋಗುವುದಿಲ್ಲ. ದಡದ ಹತ್ತಿರ, 20 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ, ಅದರಲ್ಲೂ ನದಿ ಕಡಲಿಗೆ ಸೇರುವ ಅಳಿವೆಗಳ ಸುತ್ತ ಇರುತ್ತವೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಕಾಡೆಲ್ಲ ಸುತ್ತಿ 184 ಕಿ.ಮೀ. ಹರಿದು ಬರುವ ಕಾಳಿ ಇಲ್ಲಿ ಕಡಲಿಗೆ ಬೀಳುತ್ತದೆ. ಅದು ತರುವ ಸಾರಕ್ಕೆ ಮೀನು, ಮೀನಿಗೆ ಡಾಲ್ಫಿನ್. ಆದ್ದರಿಂದ ದೋಣಿ ದೂರ ಹೋದಷ್ಟೂ ಲಾಭ ಅಂದುಕೊಳ್ಳಬೇಡಿ. ಅಳಿವೆಯಿಂದ ದ್ವೀಪಗಳವರೆಗಿನ ಪಟ್ಟಿಯಲ್ಲೇ ನಿಧಾನ ಸುತ್ತಿದರೆ ಸಾಕು. ಕಡಲಕ್ಕಿಗಳ ಗುಂಪು ಒಂದೇ ಕಡೆ ನೀರಿಗೆ ಬಿದ್ದು ಏಳುತ್ತಿದ್ದರೆ, ಕೆಳಗೆ ಮೀನಿನ ದಂಡಿದೆ ಎಂದರ್ಥ, ಅತ್ತ ನೋಡುತ್ತಿರಿ.

ಬೆನ್ನ ಮೇಲೆ ರೆಕ್ಕೆಯೇ ಇಲ್ಲದ, ದುಂಡು ತಲೆಯ, ಆಳುದ್ದಕ್ಕೂ ಕಡಿಮೆಯ ಪ್ರಾಣಿಯೊಂದು ಕ್ಷಣ ಮಾತ್ರ ಉರುಳಿ ಮಾಯವಾದರೆ, ನೀವು ಪುಣ್ಯವಂತರು. ಅದು ಡಾಲ್ಫಿನ್ನಿನ ನೆಂಟ, ರೆಕ್ಕೆಯಿಲ್ಲದ ಪೋರ್ಪಾಯ್ಸ್. ನಾನು ಇಷ್ಟು ವರ್ಷದಲ್ಲಿ ಒಂದೇ ಸಲ ನೋಡಿದ್ದು, ಅದನ್ನೂ ದೋಣಿಯವರು ತೋರಿಸಿದ ಮೇಲೆ.

ಕನಿಷ್ಠ 50 ಮೀಟರ್ ದೂರ ಇರಲಿ. ಮರಿ ಜೊತೆಗಿದ್ದರೆ ಇನ್ನೂ ಹಿಂದಕ್ಕೆ. ಏನನ್ನೂ ಎಸೆಯಬೇಡಿ, ಚಪ್ಪಾಳೆ ತಟ್ಟಬೇಡಿ. ಇವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆಯಿದೆ.

ಅದೇ ದೋಣಿಯಲ್ಲಿ ಕೂರ್ಮಗಡ ದ್ವೀಪಕ್ಕೂ ಹೋಗಿಬರಬಹುದು. ಮೇಲೆ ನರಸಿಂಹ ದೇವರ ಗುಡಿ. ಪುಷ್ಯ ಹುಣ್ಣಿಮೆಗೆ ಜಾತ್ರೆ, ಸುತ್ತಲಿನ ಮೀನುಗಾರರೆಲ್ಲ ದೋಣಿ ಸಿಂಗರಿಸಿಕೊಂಡು ಹೋಗುತ್ತಾರೆ. 2019ರ ಜನವರಿಯಲ್ಲಿ ಆ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ತೀರಿಕೊಂಡರು. ಲೈಫ್ ಜಾಕೆಟ್ ವಿಷಯದಲ್ಲಿ ನಾನು ಹಟ ಹಿಡಿಯುವುದು ಅದಕ್ಕೇ. "ಹತ್ತು ನಿಮಿಷದ ದಾರಿ ಅಲ್ವಾ" ಎಂಬ ಮಾತಿಗೆ ಕಿವಿಗೊಡಬೇಡಿ.

ಆಮೆ: ಹುಡುಕಿಕೊಂಡು ಹೋಗಬೇಡಿ

ಆಲಿವ್ ರಿಡ್ಲಿ ಕಡಲಾಮೆಗಳು ಒಡಿಶಾದಲ್ಲಿ ಲಕ್ಷಗಟ್ಟಲೆ ಬರುತ್ತವೆ ಎಂದು ಓದಿರುತ್ತೀರಿ. ಉತ್ತರ ಕನ್ನಡದ ತೀರಕ್ಕೆ ಬರುವುದು ಒಂದೊಂದಾಗಿ, ಸದ್ದಿಲ್ಲದೆ, ರಾತ್ರಿ ಹೊತ್ತು. ದೇವಬಾಗ, ಮಾಜಾಳಿಯ ಮರಳಿನಲ್ಲಿ ಹಿಂಗಾಲಿನಿಂದ ಹೂಜಿಯಾಕಾರದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ, ಮೈಯಿಂದ ನೆಲ ತಟ್ಟಿ ಸಮ ಮಾಡಿ ಕಡಲಿಗೆ ಮರಳುತ್ತದೆ. ಒಟ್ಟು ಒಂದು ತಾಸಿನ ಕೆಲಸ. ಮರಿ ಹೊರಬರಲು ಏಳೆಂಟು ವಾರ. ಗೂಡಿನ ಮರಳು ಬೆಚ್ಚಗಿದ್ದಷ್ಟೂ ಹೆಣ್ಣು ಮರಿಗಳು ಹೆಚ್ಚು.

ಟಾರ್ಚು ಹಿಡಿದು ರಾತ್ರಿ ಆಮೆ ಹುಡುಕುವ ಸಾಹಸ ಬೇಡ. ಬೆಳಕು ಕಂಡರೆ ತಾಯಿ ಮೊಟ್ಟೆಯಿಡದೆ ವಾಪಸು ಹೋಗುತ್ತದೆ. ಮರಿಗಳಂತೂ ಬೆಳಕಿದ್ದ ಕಡೆಯೇ ಕಡಲು ಎಂದು ನಂಬಿ ನಡೆಯುವ ಜೀವಗಳು. ರೆಸಾರ್ಟಿನ ಬಲ್ಬಿನ ಕಡೆ ಹೋಗಿ ಬೆಳಗಾಗುವುದರೊಳಗೆ ನಾಯಿ, ಕಾಗೆಗಳ ಪಾಲಾಗುತ್ತವೆ. ಬದಲಿಗೆ ಹೀಗೆ ಮಾಡಿ: ಬೆಳಗಿನ ಮೊದಲ ಬೆಳಕಿಗೆ, ಜನ ಓಡಾಡುವ ಮುನ್ನ, ದಂಡೆಯಲ್ಲಿ ನಡೆಯಿರಿ. ನೀರಿನಿಂದ ಮೇಲಕ್ಕೆ, ಮೇಲಿಂದ ಮತ್ತೆ ನೀರಿಗೆ, ಟ್ರ್ಯಾಕ್ಟರಿನ ಒಂಟಿ ಗಾಲಿ ಉರುಳಿದಂಥ ಗುರುತು ಕಂಡರೆ ರಾತ್ರಿ ಯಾರೋ ಬಂದು ಹೋಗಿದ್ದಾರೆ. ಗೂಡನ್ನು ಮುಟ್ಟದೆ, ಹತ್ತಿರದ ಮೀನುಗಾರರಿಗೋ ಅರಣ್ಯ ಇಲಾಖೆಗೋ ತಿಳಿಸಿ. ಇಲಾಖೆಯವರು ಮೀನುಗಾರರ ನೆರವಿನಿಂದ ಗೂಡಿಗೆ ಬಲೆಯ ಬೇಲಿ ಕಟ್ಟಿ ಕಾಯುತ್ತಾರೆ. ಮರಿ ಬಿಡುವ ದಿನ ಕೇಳಿಕೊಂಡು ಹೋದರೆ ಸಾಮಾನ್ಯವಾಗಿ ನೋಡಲು ಬಿಡುತ್ತಾರೆ. ಫ್ಲ್ಯಾಶ್ ಇಲ್ಲದೆ, ಕೈಯಲ್ಲಿ ಎತ್ತಿಕೊಳ್ಳದೆ. ಅಂಗೈಯಗಲವೂ ಇಲ್ಲದ ಮರಿ ಮರಳಿನ ಮೇಲೆ ತಾನೇ ತೆವಳಿ ಹೋಗಬೇಕು, ಅದಕ್ಕೆ ನಮ್ಮ ಸಹಾಯ ಬೇಡ.

ಸುಕ್ತಿಯಲ್ಲಿ ಮಾಜಾಳಿ, ತಿಳ್‌ಮಾತಿ

ಕಾಳಿ ಸೇತುವೆ ದಾಟಿ ಗೋವಾ ಗಡಿಯ ಕಡೆ ಹೋಗಬೇಕು. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದುಬಿತ್ತು. ಪಕ್ಕದ ಹೊಸದರ ಮೇಲೆ ಓಡಾಟ. ಮಾಜಾಳಿಯ ತುದಿಯಲ್ಲಿ ಬಂಡೆಗಳು ಶುರುವಾಗುತ್ತವೆ. ಅಲ್ಲಿಂದ ಗುಡ್ಡದ ಕಾಲುದಾರಿ ಹತ್ತಿ ಇಳಿದರೆ ತಿಳ್‌ಮಾತಿ, ಎಳ್ಳಿನಂಥ ಕಪ್ಪು ಮರಳಿನ ಪುಟ್ಟ ತೀರ. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಒಂದು ಹಿಡಿ ಎತ್ತಿ ನೋಡಿ, ನಿಜಕ್ಕೂ ಎಳ್ಳೇ. ವಾಪಸು ಅಲ್ಲೇ ಸುರಿಯಿರಿ. ಅಂಗಡಿ, ನೀರು, ನೆರಳು ಏನೂ ಇಲ್ಲ. ಚಪ್ಪಲಿ ಸಾಲದು, ಹಿಡಿತವಿರುವ ಬೂಟು ಬೇಕು. ಕತ್ತಲಾಗುವ ಮೊದಲೇ ಗುಡ್ಡ ಇಳಿದಿರಬೇಕು.

ಸುಕ್ತಿಗೆ ಒಂದು ತಾಸು ಮೊದಲು ಬಂಡೆಗಳ ಬಳಿ ಇರಿ. ನೀರು ಹಿಂದೆ ಸರಿದಂತೆ ಕುಳಿಗಳಲ್ಲಿ ಪುಟ್ಟ ಕೆರೆಗಳು ಉಳಿಯುತ್ತವೆ. ಶಂಖದ ಚಿಪ್ಪು ಹೊತ್ತ ಏಡಿ, ಮುಟ್ಟಿದರೆ ಮುದುಡುವ ಕಡಲ ಹೂ, ಬಂಡೆಗೆ ಅಂಟಿದ, ನೀಲಿಕಲ್ಲು ಎಂಬ ಚಿಪ್ಪುಜೀವಿ, ಸೂಜಿಗೊಂಚಲಿನಂಥ ಕಡಲ ಮುಳ್ಳುಚೆಂಡು. ಬರಿಗಾಲಿನಲ್ಲಿ ಇಳಿದರೆ ಮುಳ್ಳು ಅಂಗಾಲಿನಲ್ಲೇ ಮುರಿದು ಕೂರುತ್ತದೆ. ಕಲ್ಲು ಮಗುಚಿ ನೋಡಿದರೆ ಇದ್ದ ಹಾಗೆ ಮತ್ತೆ ಇಡಿ. ಅದರ ಕೆಳಗೆ ಬದುಕುವವು ಬಿಸಿಲು ಕಂಡವಲ್ಲ. ನೀರು ತಿರುಗಿದ್ದು ಗೊತ್ತಾದ ಕೂಡಲೇ ಹೊರಡಿ. ಭರ್ತಿ ಹಿಂದಿನಿಂದ ಬಂದು ದಾರಿ ಮುಚ್ಚುತ್ತದೆ, ಮುಂದಿನಿಂದಲ್ಲ.

ಹವಳ, ಬಣ್ಣದ ಮೀನು, ಸ್ಕೂಬಾ ಎಂದೆಲ್ಲ ಕನಸಿದ್ದರೆ ಅದು ಇಲ್ಲಲ್ಲ, ಸುಮಾರು 120 ಕಿ.ಮೀ. ದಕ್ಷಿಣದ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ನೇತ್ರಾಣಿ ದ್ವೀಪ. ಕಾರವಾರದ ನೀರು ಕಾಳಿಯ ಮಣ್ಣಿನಿಂದ ಕದಡಿರುತ್ತದೆ.

ರಂಪಣಿ ಕಂಡರೆ ಹಗ್ಗ ಹಿಡಿಯಿರಿ

ಬೆಳಿಗ್ಗೆ ದಂಡೆಯಲ್ಲಿ ಇಪ್ಪತ್ತು ಮೂವತ್ತು ಜನ ಎರಡು ಸಾಲಾಗಿ ಹಗ್ಗ ಎಳೆಯುತ್ತಿದ್ದರೆ ಅದು ರಂಪಣಿ. ದೋಣಿಯಲ್ಲಿ ಅರ್ಧಚಂದ್ರದಂತೆ ಬಲೆ ಬಿಟ್ಟು, ಎರಡೂ ತುದಿಗಳನ್ನು ದಡಕ್ಕೆ ತಂದು ಎಳೆಯುವ ಹಳೆಯ ಪದ್ಧತಿ. ಟ್ರಾಲರುಗಳು ಬಂದ ಮೇಲೆ ಬಹಳ ಕಡೆ ನಿಂತುಹೋಯಿತು. ಕೇಳಿ ಹಗ್ಗಕ್ಕೆ ಕೈ ಹಚ್ಚಿದರೆ ಯಾರೂ ಬೇಡ ಅನ್ನುವುದಿಲ್ಲ. ಕೊನೆಯ ಹತ್ತು ನಿಮಿಷ ನೋಡಬೇಕು: ಬಲೆಯ ಮಡಿಲು ದಡಕ್ಕೆ ಸರಿದಂತೆ ನೀರು ಕುದಿಯತೊಡಗುತ್ತದೆ, ಗರುಡಗಳು ತಲೆಯ ಮೇಲೇ ಸುತ್ತುತ್ತವೆ, ಹೆಂಗಸರು ಬುಟ್ಟಿ ಹಿಡಿದು ನಿಲ್ಲುತ್ತಾರೆ. ಒಮ್ಮೆ ತಾರ್ಲೆ ಮೀನಿನ ರಾಶಿ. ಇನ್ನೊಮ್ಮೆ ನಾನು ಎಳೆದ ಬಲೆಯಲ್ಲಿ ಬಂದದ್ದು ಬುಟ್ಟಿ ತುಂಬ ಅಂಬಲಿ ಮೀನು (ಜೆಲ್ಲಿಫಿಶ್) ಮತ್ತು ಮೂರು ಪ್ಲಾಸ್ಟಿಕ್ ಬಾಟಲಿ.

ಇಲ್ಲಿ ಹರಿಕಂತ್ರ, ಖಾರ್ವಿ, ಗಾಬಿತ ಮೀನುಗಾರ ಸಮಾಜದವರೊಂದಿಗೆ ಮಾತಿಗೆ ಕೂತರೆ ಬಂದರಿನ ಮಾತು ಬಂದೇ ಬರುತ್ತದೆ. ನೌಕಾನೆಲೆಗೆಂದು ದಕ್ಷಿಣದ ತೀರಗಳು, ಅಂಜುದೀವ ದ್ವೀಪ ಅವರ ಕೈಬಿಟ್ಟವು. ಉಳಿದ ಈ ದಂಡೆಯ ಪಕ್ಕದಲ್ಲೇ ವಾಣಿಜ್ಯ ಬಂದರಿನ ವಿಸ್ತರಣೆ ಎಂದಾಗ 2020ರ ಜನವರಿಯಲ್ಲಿ ಊರೇ ಬೀದಿಗಿಳಿದಿತ್ತು. ನೀವು ಸುಮ್ಮನೆ ಕೇಳಿಸಿಕೊಳ್ಳಿ.

ಊಟ

ಬೆಳಿಗ್ಗೆ ಗೋವಾ ಕಡೆಯ ರೀತಿಯ ಪಾವ್, ಭಾಜಿ, ಇಲ್ಲವೇ ನಮ್ಮ ಬನ್ಸ್. ಮಧ್ಯಾಹ್ನ ಒಂದು ಗಂಟೆಯೊಳಗೆ ಖಾನಾವಳಿಯ ಮೀನೂಟಕ್ಕೆ ಕೂರಿ. ಎರಡೂವರೆಗೆ ಹೋದರೆ ಒಳ್ಳೆಯದೆಲ್ಲ ಖಾಲಿ. ಜುಮ್ಮನಕಾಯಿ ಹಾಕಿದ ಬಂಗುಡೆ ಸಾರು, ಕಾಯಿತುರಿಯಲ್ಲಿ ಬಾಡಿಸಿದ ತಿಸ್ರೆ (ಚಿಪ್ಪುಮೀನು) ಸುಕ್ಕೆ, ರವೆ ಹಚ್ಚಿ ಕರಿದ ನೋಗ್ಲಿ ಮೀನು, ಕೊನೆಗೆ ಕೋಕಂ ಕಢಿ. ಜುಮ್ಮನಕಾಯಿಯನ್ನು ಅಗಿಯಬೇಡಿ, ನಾಲಿಗೆ ಜೋಮು ಹಿಡಿಯುತ್ತದೆ. ಬೆಲೆಪಟ್ಟಿಯಲ್ಲಿ ಬರೆಯದ ದೊಡ್ಡ ಮೀನಿಗೆ ತಟ್ಟೆಗೆ ಬರುವ ಮೊದಲೇ ದರ ಕೇಳಿ. ಸಸ್ಯಾಹಾರಿಗಳಿಗೆ ಪೇಟೆಯಲ್ಲಿ ಊಟಕ್ಕೆ ತೊಂದರೆಯಿಲ್ಲ, ತೀರದ ಶೆಡ್ಡುಗಳಲ್ಲಿ ಮಾತ್ರ ಮೊದಲೇ ಕೇಳಿಕೊಳ್ಳಿ.

ಹೋಮ್‌ಸ್ಟೇಯಲ್ಲಿದ್ದರೆ ಮೀನು ನೀವೇ ತಂದು ಕೊಡಿ. ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ದೋಣಿ ಖಾಲಿಯಾಗುವುದನ್ನು ನೋಡಿ, ಕೊಳ್ಳುವುದನ್ನು ಮಾರುಕಟ್ಟೆಯಲ್ಲಿ ಕೊಳ್ಳಿ. ಮೀನು ಮಾರುವ ಹೆಂಗಸರನ್ನು 'ಬಾಯಿ' ಅನ್ನಿ, 'ಅಕ್ಕಾ' ಅಂದರೂ ಸರಿ. ತೂಕವಿಲ್ಲ, ಗುಪ್ಪೆ ಲೆಕ್ಕ. ಕಿವಿರು ಎತ್ತಿದರೆ ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು. ಹೇಳಿದ ದರದ ಅರ್ಧಕ್ಕೆ ಕೇಳಿದರೆ ಕೊಂಕಣಿಯಲ್ಲಿ ಏನೋ ಅನ್ನುತ್ತಾರೆ, ಅರ್ಥವಾಗದಿರುವುದೇ ಒಳ್ಳೆಯದು.

ನೀರಿಗಿಳಿಯುವ ಮುನ್ನ

ಟ್ಯಾಗೋರ್ ತೀರ ಶಾಂತವಾಗಿ ಕಾಣುತ್ತದೆ, ಆದರೂ ಅಳಿವೆಯ ಬಾಯಿಗೆ ಹತ್ತಿರ ಈಜಬೇಡಿ, ಇಳಿತದ ಹೊತ್ತಿನಲ್ಲಿ ನದಿ ಕಡಲಿಗೆ ಎಳೆದೊಯ್ಯುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಿ ಸುಸ್ತಾಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡ ಸೇರಿ. ಅಂಬಲಿ ಮೀನು ತಗುಲಿದರೆ ಉಜ್ಜಬೇಡಿ, ಕಡಲ ನೀರಿನಲ್ಲೇ ತೊಳೆದು, ಅಂಟಿದ ಎಳೆಯನ್ನು ಕಡ್ಡಿಯಿಂದ ತೆಗೆದು, ಉರಿ ಜಾಸ್ತಿಯಾದರೆ ಡಾಕ್ಟರ ಬಳಿ ಹೋಗಿ. ಕದಡಿದ ನೀರಿನಲ್ಲಿ ಕಾಲು ಎಳೆಯುತ್ತ ನಡೆಯಿರಿ. ಮರಳಲ್ಲಿ ಹೂತು ಮಲಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ತುರ್ತಿಗೆ 112. ಅರಗಾ, ಬಿಣಗಾ ಕಡೆ ಐಎನ್ಎಸ್ ಕದಂಬ ನೌಕಾನೆಲೆಯ ಸುತ್ತ ಕ್ಯಾಮೆರಾ ತೆಗೆಯಬೇಡಿ, ಡ್ರೋನ್ ಅಂತೂ ಮನೆಯಲ್ಲೇ ಬಿಟ್ಟುಬನ್ನಿ.

ಉಳಿದ ಅರ್ಧ ದಿನಕ್ಕೆ

ಬಿಸಿಲ ಹೊತ್ತಿಗೆ ಟ್ಯಾಗೋರ್ ತೀರದ ಐಎನ್ಎಸ್ ಚಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯ, ಪಕ್ಕದಲ್ಲೇ ಟುಪೊಲೆವ್ 142 ಗಸ್ತು ವಿಮಾನ. ಮಕ್ಕಳಿಗೆ ಇವೇ ದೊಡ್ಡದು. ನನಗೆ ಹೆಚ್ಚು ಹಿಡಿಸಿದ್ದು ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ. ಕೆಲಸದ ದಿನ, ಮೊದಲೇ ಕೇಳಿಕೊಂಡು ಹೋದರೆ ಬಾಟಲಿಗಳಲ್ಲಿಟ್ಟ ಕಡಲ ಜೀವಿಗಳ ಸಂಗ್ರಹ ನೋಡಬಹುದು. ನಿನ್ನೆ ಬಂಡೆಯಲ್ಲಿ ಕಂಡದ್ದರ ಹೆಸರು ಇಲ್ಲಿ ಸಿಗುತ್ತದೆ. ಸಂಜೆಗೆ ಸದಾಶಿವಗಡದ ಗುಡ್ಡ ಹತ್ತಿ. ಸೋದೆ ಅರಸರ ಕೋಟೆಯಲ್ಲಿ ಉಳಿದಿರುವುದು ಕಡಿಮೆ, ಆದರೆ ಕಾಳಿ ಕಡಲಿಗೆ ಸೇರುವ ಗೆರೆ ಇಲ್ಲಿಂದ ಕಾಣುವ ಹಾಗೆ ಬೇರೆಲ್ಲಿಂದಲೂ ಕಾಣದು. ಒಂದು ಕಡೆ ಕಂದು, ಒಂದು ಕಡೆ ಹಸಿರು. ಬೆಳಿಗ್ಗೆ ದೋಣಿಯಲ್ಲಿ ಕಾದು ಕೂತಿದ್ದ ಜಾಗವನ್ನು ಮೇಲಿಂದ ಗುರುತು ಹಚ್ಚಬಹುದು.

ಹೊರಡುವ ದಿನ ಎಲ್ಲರೂ ಒಣಮೀನು ಕಟ್ಟಿಸಿಕೊಳ್ಳುತ್ತಾರೆ. ಮೂರು ಸುತ್ತು ಪೇಪರು, ಅದರ ಮೇಲೆ ಎರಡು ಪ್ಲಾಸ್ಟಿಕ್ ಚೀಲ, ಬಾಯಿ ಬಿಗಿಯಾಗಿ ಕಟ್ಟಿ ಸೂಟ್‌ಕೇಸಿನ ತಳಕ್ಕೆ. ನಾನು ಒಂದೇ ಚೀಲಕ್ಕೆ ಹಾಕಿ ಸೀಟಿನ ಕೆಳಗಿಟ್ಟಿದ್ದೆ. ಯಲ್ಲಾಪುರದ ಹೊತ್ತಿಗೆ ನನ್ನ ಸುತ್ತಲಿನ ನಾಲ್ಕು ಸೀಟು ಖಾಲಿಯಾಗಿದ್ದವು, ಹುಬ್ಬಳ್ಳಿವರೆಗೆ ಕಾಲು ಚಾಚಿಕೊಂಡು ಮಲಗಿ ಬಂದೆ.